ಪ್ರೈವೇಟ್ ಕ್ಲೌಡ್‌ಗೆ ಆರ್ಕೆಸ್ಟ್ರೇಶನ್ ಟೂಲ್ ಆರಿಸುವಾಗ ಏನನ್ನು ಪರೀಕ್ಷಿಸಬೇಕು?

ನಿಮ್ಮ ಸಂಸ್ಥೆಯಲ್ಲಿ ವಿಎಂವೇರ್ ಕಂಪನಿಯ ತಂತ್ರಾಂಶದ ಮೇಲೆ ಕೆಲವು ನೂರು ವರ್ಚುವಲ್ ಮೆಷಿನ್‌ಗಳಿವೆ, ಜೊತೆಗೆ ಸ್ವಂತ ಕ್ಲೌಡ್ ಕಟ್ಟುವ ಮುಕ್ತ ತಂತ್ರಾಂಶವಾದ ಓಪನ್‌ಸ್ಟ್ಯಾಕ್ ಕೂಡ ಹೊಸದಾಗಿ ಬರುತ್ತಿದೆ. ಎರಡನ್ನೂ ಒಂದೇ ಕಡೆಯಿಂದ ನಿರ್ವಹಿಸಲು ಯಾವ ಆರ್ಕೆಸ್ಟ್ರೇಶನ್ ಟೂಲ್ (ಮೆಷಿನ್‌ಗಳನ್ನು ಕಟ್ಟಿ, ಬದಲಿಸಿ, ತೆಗೆಯುವ ಕೆಲಸವನ್ನು ತಾನಾಗಿ ಮಾಡುವ ತಂತ್ರಾಂಶ) ಸೂಕ್ತ, ಡೆಮೊಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳಿ, ನೀವು ನೋಡುತ್ತಿರುವ ಟೂಲ್‌ಗಳ ಪಟ್ಟಿಯನ್ನೂ ಲೈಸೆನ್ಸ್ ಬಗೆಗಿನ ಆತಂಕವನ್ನೂ ತಿಳಿಸಿದ್ದೀರಿ. ಪ್ರೈವೇಟ್ ಕ್ಲೌಡ್, ಅಂದರೆ ಸಂಸ್ಥೆಯೊಂದರ ಸ್ವಂತ ಬಳಕೆಯ ಕ್ಲೌಡ್, ನಡೆಸುವುದೇ ನನ್ನ ವೃತ್ತಿಯಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಹೊಸ ಮೆಷಿನ್ ಸೃಷ್ಟಿಸುವ ಕೆಲಸವನ್ನು ಇಂದು ಎಲ್ಲ ಟೂಲ್‌ಗಳೂ ಚೆನ್ನಾಗಿ ಮಾಡುತ್ತವೆ, ಡೆಮೊದಲ್ಲಿ ತೋರಿಸುವುದೂ ಅದನ್ನೇ. ಕೆಲಸ ಅರ್ಧದಲ್ಲಿ ಕೆಟ್ಟರೆ ಏನಾಗುತ್ತದೆ, ಯಾರಾದರೂ ಕೈಯಿಂದ ಬದಲಾವಣೆ ಮಾಡಿದರೆ ಟೂಲ್‌ಗೆ ಅದು ತಿಳಿಯುತ್ತದೆಯೇ, ಮೆಷಿನ್ ತೆಗೆದ ಮೇಲೆ ಏನೇನು ಉಳಿದುಹೋಗುತ್ತದೆ ಎಂಬ ಮೂರು ವಿಷಯಗಳನ್ನು ನೀವೇ ನಿಮ್ಮ ಡೇಟಾ ಸೆಂಟರ್‌ನಲ್ಲಿ ಪರೀಕ್ಷಿಸಿ ನೋಡಬೇಕು.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಪಟ್ಟಿಯಲ್ಲಿರುವ ಟೂಲ್‌ಗಳು ಒಂದೇ ಜಾತಿಯವಲ್ಲ. ಹೀಟ್ ಎಂಬುದು ಓಪನ್‌ಸ್ಟ್ಯಾಕ್‌ನದೇ ಅಂಗ. ತಾನು ಕಟ್ಟಿದ್ದರ ಲೆಕ್ಕವನ್ನು ತನ್ನ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಟೆರಾಫಾರ್ಮ್ ಅದೇ ಲೆಕ್ಕವನ್ನು ಸ್ಟೇಟ್ ಫೈಲ್‌ನಲ್ಲಿ ಬರೆದಿಡುತ್ತದೆ. ಆನ್ಸಿಬಲ್ ಅಂಥ ಯಾವ ದಾಖಲೆಯನ್ನೂ ಇಟ್ಟುಕೊಳ್ಳದೆ ಹೆಚ್ಚಾಗಿ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಮೆಷಿನ್‌ಗಳ ಒಳಗೆ ಹೋಗಿ ಹೇಳಿದ ಕೆಲಸವನ್ನು ಸಾಲಾಗಿ ಮಾಡಿ ಮುಗಿಸುತ್ತದೆ. ಮ್ಯಾನೇಜ್‌ಐಕ್ಯೂ, ಮಾರ್ಫಿಯಸ್ ಮತ್ತು ಹಿಂದೆ ವಿರಿಯಲೈಸ್, ಬಳಿಕ ಏರಿಯಾ ಎಂಬ ಹೆಸರಿದ್ದ ವಿಎಂವೇರ್‌ನ ವಿಸಿಎಫ್ ಆಟೊಮೇಶನ್ ಇವೆಲ್ಲವುಗಳ ಮೇಲಿನ ಪದರ: ಕ್ಯಾಟಲಾಗ್, ಅನುಮೋದನೆ, ಕೋಟಾ, ವೆಚ್ಚದ ಲೆಕ್ಕ. ಇವನ್ನೆಲ್ಲ ಒಂದೇ ಕೋಷ್ಟಕದಲ್ಲಿಟ್ಟು ಟಿಕ್ ಹಾಕುತ್ತಾ ಹೋದರೆ ಅತಿ ಹೆಚ್ಚು ಟಿಕ್ ಬೀಳುವುದು ಅತಿ ಭಾರವಾದ ಟೂಲ್‌ಗೇ.

ಈಗ ಪರೀಕ್ಷೆಗೆ ಬರೋಣ. ಒಂದು ಸರ್ವರ್, ಒಂದು ನೆಟ್‌ವರ್ಕ್, ಒಂದು ವಾಲ್ಯೂಮ್ (ವರ್ಚುವಲ್ ಡಿಸ್ಕ್) ಬೇಡುವ ಟೆಂಪ್ಲೇಟ್, ಅಂದರೆ ಏನೇನು ಬೇಕೆಂದು ಹೇಳುವ ಕಡತ, ಬರೆದು, ಸ್ಟೋರೇಜ್ ಕೋಟಾವನ್ನು ಬೇಕೆಂದೇ ಕಡಿಮೆ ಮಾಡಿ, ವಾಲ್ಯೂಮ್ ಸೃಷ್ಟಿಯಾಗದಂತೆ ಮಾಡಿ ನೋಡಿ. ಹೀಟ್‌ನಲ್ಲಿ ರೋಲ್‌ಬ್ಯಾಕ್ (ಆದಷ್ಟನ್ನು ಅಳಿಸಿ ಹಿಂದಿನ ಸ್ಥಿತಿಗೆ ಮರಳುವುದು) ಬೇಕೆಂದು ನೀವು ಹೇಳದಿದ್ದರೆ ಸ್ಟ್ಯಾಕ್, ಅಂದರೆ ಆ ಟೆಂಪ್ಲೇಟ್‌ನಿಂದ ಕಟ್ಟುತ್ತಿದ್ದ ಗುಂಪು, ವಿಫಲ ಎಂಬ ಗುರುತಿನೊಂದಿಗೆ ಅರ್ಧಂಬರ್ಧ ಹಾಗೆಯೇ ನಿಲ್ಲುತ್ತದೆ. ಟೆರಾಫಾರ್ಮ್‌ನಲ್ಲಿ ರೋಲ್‌ಬ್ಯಾಕ್ ಇಲ್ಲ. ಆಗಿರುವಷ್ಟನ್ನು ಬರೆದಿಟ್ಟುಕೊಂಡು, ಮುಂದಿನ ಬಾರಿ ಅಲ್ಲಿಂದ ಮುಂದುವರಿಯುತ್ತದೆ. ಆನ್ಸಿಬಲ್ ಕೆಟ್ಟ ಹೋಸ್ಟ್ ಅನ್ನು ಉಳಿದ ಕೆಲಸದಿಂದ ಕೈಬಿಟ್ಟು ಮಿಕ್ಕವುಗಳೊಂದಿಗೆ ಮುಂದೆ ಸಾಗುತ್ತದೆ. ಮತ್ತೆ ಓಡಿಸಿದಾಗ ಏನಾಗುತ್ತದೆ ಎಂಬುದು ನೀವು ಬಳಸಿದ ಮಾಡ್ಯೂಲ್‌ಗಳ ಮೇಲೆ ನಿಂತಿದೆ, ಶೆಲ್ ಆದೇಶಗಳನ್ನೇ ತುಂಬಿದ ಪ್ಲೇಬುಕ್ (ಆನ್ಸಿಬಲ್‌ಗೆ ಕೊಡುವ ಕೆಲಸಗಳ ಪಟ್ಟಿ) ಆದರೆ ಅದೇ ಕೆಲಸ ಎರಡೆರಡು ಸಲ ನಡೆಯಬಹುದು. ಈ ಮೂರರಲ್ಲಿ ಯಾವುದೂ ತಪ್ಪಲ್ಲ, ಆದರೆ ರಾತ್ರಿ ಪಾಳಿಯಲ್ಲಿರುವವರಿಗೆ ಟೂಲ್ ಎಲ್ಲಿ ನಿಂತಿದೆ ಎಂಬುದು ಲಾಗ್ ನೋಡಿದೊಡನೆ ತಿಳಿಯಬೇಕು.

ಎರಡನೆಯ ಪರೀಕ್ಷೆಗೆ ಹೆಚ್ಚು ಸಮಯ ಬೇಡ. ಓಪನ್‌ಸ್ಟ್ಯಾಕ್‌ನ ಹೊರೈಜನ್ ಪೋರ್ಟಲ್‌ಗೆ ಹೋಗಿ ಕೈಯಿಂದಲೇ ಒಂದು ಸೆಕ್ಯುರಿಟಿ ಗ್ರೂಪ್ ನಿಯಮ (ಮೆಷಿನ್‌ಗೆ ಯಾವ ಸಂಪರ್ಕ ಬಿಡಬೇಕೆಂಬ ನಿಯಮ) ಅಳಿಸಿ. ಟೆರಾಫಾರ್ಮ್ ಪ್ಲ್ಯಾನ್ ಹಾಕುವ ಮೊದಲು ನಿಜಸ್ಥಿತಿಯನ್ನು ಓದಿಕೊಳ್ಳುವುದರಿಂದ ವ್ಯತ್ಯಾಸವನ್ನು ತೋರಿಸುತ್ತದೆ. ಹೀಟ್ ತನ್ನ ಸಹಜ ಸೆಟ್ಟಿಂಗ್‌ನಲ್ಲಿ ಹೊಸ ಟೆಂಪ್ಲೇಟನ್ನು ಹಳೆಯ ಟೆಂಪ್ಲೇಟ್‌ನೊಂದಿಗೆ ಹೋಲಿಸುತ್ತದೆಯೇ ಹೊರತು ಹೊರಗೆ ಏನು ಬದಲಾಗಿದೆ ಎಂದು ನೋಡಲು ಹೋಗುವುದಿಲ್ಲ.

ಮೂರನೆಯದೇ ನನ್ನ ಮಟ್ಟಿಗೆ ಅತ್ಯಂತ ಮುಖ್ಯ, ಮತ್ತು ಅದನ್ನು ಪರೀಕ್ಷಿಸುವವರು ಅತಿ ಕಡಿಮೆ. ಓಪನ್‌ಸ್ಟ್ಯಾಕ್‌ನಲ್ಲಿ ಸರ್ವರ್ ಅಳಿಸಿದ ಮಾತ್ರಕ್ಕೆ ಅದಕ್ಕೆ ಕೊಟ್ಟಿದ್ದ ಫ್ಲೋಟಿಂಗ್ ಐಪಿ (ಹೊರಗಿನಿಂದ ತಲುಪಲು ಕೊಡುವ ವಿಳಾಸ) ಬಿಡುಗಡೆಯಾಗುವುದಿಲ್ಲ, ಅದು ಪ್ರಾಜೆಕ್ಟ್‌ನ ಹೆಸರಿನಲ್ಲೇ ಉಳಿಯುತ್ತದೆ. ಬೇರೆಯಾಗಿ ಸೃಷ್ಟಿಸಿ ಜೋಡಿಸಿದ ವಾಲ್ಯೂಮ್ ಕೂಡ ಹಾಗೆಯೇ ಉಳಿಯುತ್ತದೆ. ಇವಾದರೂ ಕ್ಲೌಡ್‌ನ ಒಳಗಿನವು. ಡಿಎನ್‌ಎಸ್ ದಾಖಲೆ, ಬ್ಯಾಕಪ್ ಜಾಬ್, ಮಾನಿಟರಿಂಗ್ ಪಟ್ಟಿ, ಫೈರ್‌ವಾಲ್ ನಿಯಮ, ಸಾಫ್ಟ್‌ವೇರ್ ಲೈಸೆನ್ಸ್ ಇವೆಲ್ಲ ಹೊರಗಿನ ವ್ಯವಸ್ಥೆಗಳಲ್ಲಿರುತ್ತವೆ, ಅಲ್ಲಿಗೆ ಟೂಲ್‌ನ ಕೈ ತಲುಪದಿದ್ದರೆ ಅವು ವರ್ಷಗಟ್ಟಲೆ ಉಳಿಯುತ್ತವೆ. ಅಳಿದ ಮೆಷಿನ್‌ನ ಐಪಿ ವಿಳಾಸ ನಾಳೆ ಇನ್ನೊಂದು ಮೆಷಿನ್‌ಗೆ ಹೋದಾಗ, ಹಳೆಯ ಫೈರ್‌ವಾಲ್ ನಿಯಮ ತೆರೆದಿಟ್ಟ ಬಾಗಿಲೂ ಅದರ ಜೊತೆಯಲ್ಲೇ ಹೋಗುತ್ತದೆ. ಆದ್ದರಿಂದ ಪರೀಕ್ಷೆಗೆಂದು ಕಟ್ಟಿದ್ದನ್ನೆಲ್ಲ ಕೊನೆಗೆ ಟೂಲ್‌ನಿಂದಲೇ ಅಳಿಸಿ, ಬಳಿಕ ನೆಟ್‌ವರ್ಕ್ ಮತ್ತು ಬ್ಯಾಕಪ್ ತಂಡದವರನ್ನು ಕೂರಿಸಿಕೊಂಡು ಏನೇನು ಉಳಿದಿದೆ ಎಂದು ಹುಡುಕಿ. ಮಾರಾಟಗಾರರ ಪ್ರತಿನಿಧಿಯೂ ಆಗ ಎದುರಿಗಿದ್ದರೆ ಒಳ್ಳೆಯದು.

ದಾಖಲೆಗಳ ವಿಷಯವನ್ನೂ ಕೇಳಿ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕಾಗಿದೆ. ಆರ್ಕೆಸ್ಟ್ರೇಶನ್ ಟೂಲ್ ಸಾಮಾನ್ಯವಾಗಿ ಒಂದೇ ಸರ್ವಿಸ್ ಖಾತೆಯಿಂದ (ವ್ಯಕ್ತಿಯದಲ್ಲದ, ಟೂಲ್‌ಗೆಂದೇ ಇರುವ ಖಾತೆ) ಎಲ್ಲವನ್ನೂ ಮಾಡುವುದರಿಂದ ಕ್ಲೌಡ್‌ನ ಲಾಗ್‌ನಲ್ಲಿ ಆ ಖಾತೆಯ ಹೆಸರು ಮಾತ್ರ ಕಾಣಿಸುತ್ತದೆ. ಯಾರು ಕೇಳಿದರು, ಯಾರು ಒಪ್ಪಿದರು ಎಂಬುದು ಟೂಲ್‌ನ ಸ್ವಂತ ದಾಖಲೆಯಲ್ಲಿ ಇರಲೇಬೇಕು. ಟೆರಾಫಾರ್ಮ್ ಸ್ಟೇಟ್ ಫೈಲ್‌ನಲ್ಲಿ ಪಾಸ್‌ವರ್ಡ್‌ಗಳು ಗೂಢಲಿಪೀಕರಣವಿಲ್ಲದೆ ಯಾರಾದರೂ ಓದಬಹುದಾದ ರೂಪದಲ್ಲೇ ಸೇರಿಕೊಳ್ಳುವ ಸಾಧ್ಯತೆ ಇರುವುದರಿಂದ ಅದನ್ನು ಎಲ್ಲಿ ಇಡುತ್ತೀರಿ, ಯಾರು ಓದಬಲ್ಲರು ಎಂಬುದನ್ನು ಮೊದಲೇ ನಿರ್ಧರಿಸಿ.

ಲೈಸೆನ್ಸ್ ಬಗ್ಗೆ ನಿಮಗಿರುವ ಆತಂಕ ಸರಿಯಾದದ್ದೇ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ತಯಾರಕ ಹ್ಯಾಶಿಕಾರ್ಪ್ ಅದರ ಮುಕ್ತ ಲೈಸೆನ್ಸ್ ಬದಲಿಸಿತು, ಅದರ ಬೆನ್ನಿಗೇ ಟೆರಾಫಾರ್ಮ್‌ನ ಹಳೆಯ ಮುಕ್ತ ಕೋಡ್‌ನಿಂದ ಓಪನ್‌ಟೋಫು ಎಂಬ ಕವಲು ಹುಟ್ಟಿ ಲಿನಕ್ಸ್ ಫೌಂಡೇಶನ್ ಸೇರಿತು. ಅದೇ ವರ್ಷದ ನವೆಂಬರ್‌ನಲ್ಲಿ ವಿಎಂವೇರ್ ಅನ್ನು ಕೊಂಡ ಬ್ರಾಡ್‌ಕಾಮ್ ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟವನ್ನು ನಿಲ್ಲಿಸಿತು. ಹಾಗಾಗಿ ನೀವು ಬರೆಯುವ ಟೆಂಪ್ಲೇಟ್‌ಗಳು ನಾಳೆ ಇನ್ನೊಂದು ಟೂಲ್‌ಗೂ ಒದಗುತ್ತವೆಯೇ ಎಂಬುದನ್ನು ಬೆಲೆಯಷ್ಟೇ ಗಂಭೀರವಾಗಿ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಓಪನ್‌ಟೋಫು ಮತ್ತು ಆನ್ಸಿಬಲ್‌ನಿಂದ ಆರಂಭಿಸುತ್ತಿದ್ದೆ, ಏಕೆಂದರೆ ಈ ಜೋಡಿ ವಿಎಂವೇರ್‌ನ ವಿಸ್ಫಿಯರ್ ಮತ್ತು ಓಪನ್‌ಸ್ಟ್ಯಾಕ್ ಎರಡನ್ನೂ ತಲುಪುತ್ತದೆ. ಇಂಜಿನಿಯರ್‌ಗಳಲ್ಲದವರೂ ಮೆಷಿನ್ ಕೇಳುವ ಸ್ಥಿತಿ ಬಂದಾಗ ಮ್ಯಾನೇಜ್‌ಐಕ್ಯೂನಂಥ ಪೋರ್ಟಲನ್ನು ಮೇಲೆ ಸೇರಿಸುತ್ತಿದ್ದೆ. ಆದರೆ ಆ ಕೋಡ್ ಬರೆದು ಕಾಪಾಡಬಲ್ಲ ಇಬ್ಬರಾದರೂ ನಿಮ್ಮ ತಂಡದಲ್ಲಿ ಇರಬೇಕು. ಅವರಿಲ್ಲದಿದ್ದರೆ, ಹೊಸಬರನ್ನು ತರಬೇತುಗೊಳಿಸಲು ಸಂಸ್ಥೆ ಒಪ್ಪದಿದ್ದರೆ, ಹಣ ಹೆಚ್ಚಾದರೂ ಬೆಂಬಲ ಸಹಿತವಾದ ಸಿದ್ಧ ಉತ್ಪನ್ನವನ್ನೇ ಕೊಳ್ಳಿ, ಮತ್ತು ಮೇಲಿನ ಮೂರು ಪರೀಕ್ಷೆಗಳನ್ನು ಖರೀದಿ ಒಪ್ಪಂದದ ಸ್ವೀಕಾರ ಷರತ್ತುಗಳಲ್ಲಿ ಬರೆಯಿಸಿಕೊಳ್ಳಿ.