ಹಾಡಿದರೆ ಕಥೆ ಕೆಡುವುದಿಲ್ಲ

ಪ್ರಶ್ನೆ: ಮಕ್ಕಳು ಮೊದಲು ಪುಸ್ತಕ ಓದಬೇಕೋ, ಸಿನಿಮಾ ನೋಡಬೇಕೋ? (ಸರಸ್ವತಿಪುರಂ, ಮೈಸೂರು)

ಉತ್ತರ: ಯಾವುದು ಮೊದಲು ಕೈಗೆ ಸಿಕ್ಕಿತೋ ಅದು. ದಯವಿಟ್ಟು ಇದನ್ನು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ರಜೆಯಲ್ಲಿ ಮಕ್ಕಳಿಗೆಂದು 1968ರ ‘ಆಲಿವರ್!’ ಹಾಕಿದೆವು. ಡಿಕನ್ಸ್ ಬರೆದ ‘ಆಲಿವರ್ ಟ್ವಿಸ್ಟ್’ನಂಥ ಗಂಭೀರ ಕಾದಂಬರಿಯಲ್ಲಿ ಅನಾಥ ಮಕ್ಕಳು ಕುಣಿದು ಹಾಡುತ್ತಾರೆ! ಇದು ಮೂಲಕ್ಕೆ ಅಪಚಾರವಲ್ಲವೇ? (ಮದ್ದೂರು)

ಉತ್ತರ: ಮಂಡ್ಯ ಜಿಲ್ಲೆಯವರೇ ಹೀಗೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಊರಹಬ್ಬದ ‘ಕುರುಕ್ಷೇತ್ರ’ ನಾಟಕದಲ್ಲಿ ದುರ್ಯೋಧನ ಯುದ್ಧ ಬಿಟ್ಟು ಹಾರ್ಮೋನಿಯಂ ಮೇಷ್ಟ್ರ ಕಡೆ ತಿರುಗಿ ಹಾಡು ಎತ್ತಿದಾಗ ‘ಒನ್ಸ್ ಮೋರ್’ ಎಂದು ಕೂಗುವವರು ಯಾರು? ಆಗ ವ್ಯಾಸರಿಗೆ ಆಗದ ಅಪಚಾರ ಡಿಕನ್ಸ್‌ಗೆ ಹೇಗೆ ಆಯಿತು?

ಆ ಕಾದಂಬರಿಯ ಮೊದಲ ಅಧ್ಯಾಯಗಳನ್ನು ತೆಗೆದು ನೋಡಿ. 1834ರ ಇಂಗ್ಲೆಂಡಿನ ಬಡವರ ಕಾಯ್ದೆಯನ್ನು, ದುಡಿಸಿಕೊಂಡು ಗಂಜಿ ಹಾಕುತ್ತಿದ್ದ ಮನೆಗಳನ್ನು ಡಿಕನ್ಸ್ ನಗುನಗುತ್ತಲೇ ಚುಚ್ಚುತ್ತಾನೆ. ಆ ಕುಹಕವೆಲ್ಲ ನಿರೂಪಕನ ದನಿಯಲ್ಲಿದೆ. ಪರದೆಯ ಮೇಲೆ ನಿರೂಪಕನೇ ಇಲ್ಲ. ಗಂಜಿಗೆ ಕಾದು ನಿಂತ ಹುಡುಗರು ತಮಗೆಂದೂ ಸಿಗದ ತಿಂಡಿಗಳನ್ನು ನೆನೆದು ಹಾಡಿದಾಗ ಅದೇ ಚುಚ್ಚು ಬೇರೆ ದಾರಿಯಿಂದ ಬಂತು. 1960ರ ತಮ್ಮ ರಂಗನಾಟಕಕ್ಕಾಗಿ ಲಯೋನೆಲ್ ಬಾರ್ಟ್ ಕಟ್ಟಿದ ಹಾಡು ಅದು. ನಿರ್ದೇಶಕ ಕೆರೋಲ್ ರೀಡ್ ಬಿಡದೆ ಉಳಿಸಿಕೊಂಡರು.

ದೂರಲೇಬೇಕೆಂದರೆ ಮುಕ್ತಾಯವನ್ನು ದೂರಿ. ಆಲಿವರ್‌ನ ಮಲಸಹೋದರ ಮಾಂಕ್ಸ್‌ನನ್ನು ಚಿತ್ರ ಕೈಬಿಟ್ಟದ್ದು ಒಳ್ಳೆಯದೇ ಆಯಿತು, ಆ ಉಯಿಲಿನ ಗೋಜಲು ಪುಸ್ತಕದಲ್ಲೂ ಬೇಸರ ತರಿಸುತ್ತದೆ. ಆದರೆ ಮಕ್ಕಳನ್ನು ಜೇಬುಗಳ್ಳತನಕ್ಕೆ ಹಚ್ಚಿದ ಫೇಗಿನ್‌ಗೆ ಕಾದಂಬರಿಯಲ್ಲಿ ಗಲ್ಲಾಗುತ್ತದೆ. ಚಿತ್ರದಲ್ಲಿ ಶಿಷ್ಯನೊಂದಿಗೆ ಹೆಜ್ಜೆ ಹಾಕುತ್ತಾ ಹೊರಟುಹೋಗುತ್ತಾನೆ. ಇದಕ್ಕೊಂದು ಹಿನ್ನೆಲೆಯಿದೆ. ಡಿಕನ್ಸ್ ಅವನನ್ನು ಮಾತುಮಾತಿಗೆ ‘ಯೆಹೂದಿ’ ಎಂದೇ ಕರೆದ; 1948ರ ಡೇವಿಡ್ ಲೀನ್ ಚಿತ್ರದಲ್ಲಿ ಯೆಹೂದಿಗಳನ್ನು ಅಣಕಿಸುವಂತೆ ಅವನಿಗೆ ಅಂಟಿಸಿದ ದೊಡ್ಡ ಮೂಗಿನಿಂದಾಗಿ ಪ್ರತಿಭಟನೆಗಳು ನಡೆದು, ಅಮೆರಿಕದಲ್ಲಿ ಬಿಡುಗಡೆ 1951ಕ್ಕೆ ಹೋಯಿತು. ಮೆದುಗೊಳಿಸಿದ್ದನ್ನು ಒಪ್ಪುತ್ತೇನೆ, ಕುಣಿಸಿ ಕಳುಹಿಸಿದ್ದನ್ನು ಒಪ್ಪಲಾರೆ.

ಇನ್ನು, ‘ಇಡೀ ಕುಟುಂಬಕ್ಕೆ’ ಎಂಬ ಮಾತನ್ನು ನಂಬಿ ಪುಟ್ಟ ಮಕ್ಕಳನ್ನು ಪರದೆಯ ಮುಂದೆ ಬಿಟ್ಟು ಅಡುಗೆಮನೆಗೆ ಹೋಗಬೇಡಿ. ಆಲಿವರ್‌ಗೆ ನೆರವಾದ ನ್ಯಾನ್ಸಿಯ ಕೊಲೆ ಮೆಟ್ಟಿಲ ಮರೆಯಲ್ಲಿ ನಡೆದರೂ ಹೆದರಿಸುತ್ತದೆ. ಎಂಟು ವರ್ಷದೊಳಗಿನವರಿಗೆ ನಾನಂತೂ ತೋರಿಸುವುದಿಲ್ಲ.

ಪ್ರಶ್ನೆ: ಹತ್ತು ನಿಮಿಷದಲ್ಲಿ ಕಾದಂಬರಿಯ ಕಥೆ ಹೇಳುವ ವಿಡಿಯೊ ಸಾಲದೇ? (ಕುವೆಂಪುನಗರ, ಮೈಸೂರು)

ಉತ್ತರ: ಸಾಲದು. ಸಿನಿಮಾ ನೋಡಿ ಪುಸ್ತಕದ ಕಥೆ ಹೇಳುವ ಪಂಡಿತರು ಇವರು. ‘ವಿಝರ್ಡ್ ಆಫ್ ಓಝ್’ ಕಥೆಯ ಹುಡುಗಿ ಮೆಟ್ಟಿದ್ದು ಕೆಂಪು ಬೂಟು ಎಂದರೋ, ಕಳ್ಳ ಸಿಕ್ಕಿಬಿದ್ದಂತೆ. 1900ರ ಪುಸ್ತಕದಲ್ಲಿ ಅವು ಬೆಳ್ಳಿಯವು; 1939ರ ಚಿತ್ರದವರು ಟೆಕ್ನಿಕಲರ್ ಎಂಬ ಬಣ್ಣದ ಚಿತ್ರಣದಲ್ಲಿ ಎದ್ದು ಕಾಣಲೆಂದು ಕೆಂಪು ಮಾಡಿದರು.

ಪ್ರಶ್ನೆ: ಜಗತ್ತಿನ ಮೊದಲ ಬಣ್ಣದ ಚಿತ್ರ ಅದೇ ಅಲ್ಲವೇ? (ಪಾಂಡವಪುರ)

ಉತ್ತರ: ಅಲ್ಲ. ನಮ್ಮ ‘ಕಿಸಾನ್ ಕನ್ಯಾ’ ಬಣ್ಣದಲ್ಲಿ ಬಂದದ್ದೇ 1937ರಲ್ಲಿ.