ಈವ್ ಆನ್‌ಲೈನ್‌ನಲ್ಲಿ ಗೆಳೆಯನೇ ಹ್ಯಾಂಗರ್ ಖಾಲಿ ಮಾಡಿದರೆ ಅದು ಕಳ್ಳತನವೇ?

"ಅಪ್ಪನಿಗೆ ಹುಷಾರಿಲ್ಲ, ಊರಿಗೆ ಹೊರಡುವ ಮುಂಚೆ ಸಾಮಾನೆಲ್ಲ ಸಾಗಿಸಿಬಿಡ್ತೀನಿ" ಅಂತ ವಾಟ್ಸಾಪಿನಲ್ಲಿ ಡೈರೆಕ್ಟರ್ ರೋಲ್ ಕೇಳಿದ ಕಾಲೇಜು ಗೆಳೆಯ, ಬೆಳಗಾಗುವಷ್ಟರಲ್ಲಿ ನಿಮ್ಮ ಹ್ಯಾಂಗರ್, ಅಂದರೆ ಈ ಬಾಹ್ಯಾಕಾಶ ಆಟದಲ್ಲಿ ನಿಮ್ಮ ಗುಂಪಿನ ಹಡಗು, ಸಾಮಾನು ಇಡುವ ಉಗ್ರಾಣ, ಗುಡಿಸಿ ಹಾಕಿದ್ದಾನೆ. ಆಟ ನಡೆಸುವ ಕಂಪನಿಗೆ ದೂರು ಕೊಡಲಾ, ಬರೀ ಆಟ ಅಂತ ಬಿಡಲಾ ಎಂದು ಕೇಳಿದ್ದೀರಿ. ಆಟದಲ್ಲಿ ನಾನು ಸಿಇಒ ಆಗಿದ್ದ ಕಾರ್ಪೊರೇಷನ್ (ಆಟಗಾರರ ಗುಂಪು) ಮುಳುಗಿದ್ದೂ ಹೀಗೇ.

ಸಾಮಾನು ಹೊರುವವನಿಗೆ ಡೈರೆಕ್ಟರ್ ರೋಲ್ ಕೊಟ್ಟಿದ್ದೇ ತಪ್ಪು. ರೋಲ್ ಕಿಟಕಿಯ ತುಂಬ ಟಿಕ್ ಬಾಕ್ಸ್‌ಗಳಿರುತ್ತವೆ, ಯಾವುದು ಏನೆಂದು ನೋಡುವ ತಾಳ್ಮೆ ಇಲ್ಲದೆ ಎಲ್ಲರೂ ಡೈರೆಕ್ಟರ್ ಒತ್ತುತ್ತಾರೆ. ಆ ಒಂದು ಟಿಕ್ಕಿನಲ್ಲಿ ಉಳಿದ ರೋಲ್‌ಗಳೆಲ್ಲ ಸೇರಿವೆ: ಏಳೂ ಹ್ಯಾಂಗರ್ ವಿಭಾಗ, ಏಳೂ ವಾಲೆಟ್. ಕೊಟ್ಟ ಮೇಲೆ ಕಿತ್ತುಕೊಳ್ಳಲು ಸಿಇಒಗೆ ಮಾತ್ರ ಸಾಧ್ಯ. ಸಿಇಒ ಮಲಗಿದ್ದರೆ ಮಿಕ್ಕ ಡೈರೆಕ್ಟರುಗಳು ನೋಡುತ್ತ ಕೂರಬೇಕು. ಹೊರುವವನಿಗೆ ಬೇಕಿದ್ದದ್ದು ಒಂದೇ ವಿಭಾಗದ 'ಟೇಕ್' ಹಕ್ಕು, ಒಳಗೇನಿದೆ ಎಂದು ನೋಡಲು 'ಕ್ವೆರಿ'. ನಿಜ ಹೇಳಬೇಕೆಂದರೆ ಅದೂ ಬೇಡ. ಕೊರಿಯರ್ ಕಾಂಟ್ರ್ಯಾಕ್ಟ್ ಹಾಕಿ, ಸಾಮಾನಿನ ಬೆಲೆಗಿಂತ ತುಸು ಹೆಚ್ಚೇ ಕೊಲಾಟರಲ್ (ಹೊರುವವನು ಮೊದಲೇ ಕಟ್ಟುವ ಠೇವಣಿ) ಇಡಿ. ಅವನು ಓಡಿಹೋದರೆ ಆ ಹಣ ನಿಮ್ಮದು. ಕೊಲಾಟರಲ್ ಕಟ್ಟಲು ಅವನ ಹತ್ತಿರ ಐಎಸ್‌ಕೆ (ಆಟದೊಳಗಿನ ಹಣ) ಇಲ್ಲವೇ? ಭಾಗ ಮಾಡಿ, ಒಂದು ಮುಟ್ಟಿದ ಮೇಲೆ ಇನ್ನೊಂದು ಕಳಿಸಿ.

ದೂರಿನ ಮಾತು. 2003ರಲ್ಲಿ ಶುರುವಾದ ಈ ಆಟದಲ್ಲಿ ಒಳಗಿದ್ದು ದ್ರೋಹ ಮಾಡುವುದೂ ಆಟವೇ. 2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್‌ನವರು ಯೂಬಿಕ್ವಾ ಸೆರಾಫ್ ಕಾರ್ಪೊರೇಷನ್ನಿಗೆ ತಿಂಗಳುಗಟ್ಟಲೆ ನುಸುಳಿ, ನಂಬಿಕೆ ಗಳಿಸಿ, ಹ್ಯಾಂಗರ್ ಬರಿದು ಮಾಡಿ ಸಿಇಒ ಹಡಗನ್ನೂ ಉಡಾಯಿಸಿದರು. 2009ರಲ್ಲಿ ಪಕ್ಷ ಬದಲಿಸಿದ ಒಬ್ಬ ಡೈರೆಕ್ಟರ್ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ದೈತ್ಯ ಒಕ್ಕೂಟವನ್ನೇ ವಿಸರ್ಜಿಸಿಬಿಟ್ಟ. ಎರಡರಲ್ಲೂ ಆಟ ನಡೆಸುವ ಸಿಸಿಪಿ ಏನನ್ನೂ ವಾಪಸ್ ಕೊಡಿಸಲಿಲ್ಲ. ನಾನು ಅದನ್ನು ಅನ್ಯಾಯ ಎನ್ನುವುದಿಲ್ಲ. ಆ ಅಪಾಯ ಗೊತ್ತಿದ್ದೇ ಎಲ್ಲರೂ ಒಳಗೆ ಬಂದಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಡಗು ಕದ್ದನೇ ಎಂದಲ್ಲ, ರೋಲ್ ಸಿಗಲು ಏನನ್ನು ಬಳಸಿದ ಎಂದು ಕೇಳಿ. ನೆದರ್‌ಲ್ಯಾಂಡ್ಸಿನಲ್ಲಿ 2007ರಲ್ಲಿ ಇಬ್ಬರು ಹುಡುಗರು 13 ವರ್ಷದವನನ್ನು ಹೊಡೆದು, ಚಾಕು ತೋರಿಸಿ, ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟಕ್ಕೆ ಲಾಗಿನ್ ಮಾಡಿಸಿ ಆಟದೊಳಗಿನ ಅವನ ತಾಯಿತವನ್ನೂ ಮುಖವಾಡವನ್ನೂ ಕಿತ್ತುಕೊಂಡರು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಕಳ್ಳತನವೆಂದೇ ಎತ್ತಿಹಿಡಿಯಿತು. ವಸ್ತು ಪರದೆಯ ಮೇಲಿದ್ದರೂ ಏಟು ಬಿದ್ದದ್ದು ನಿಜವಾದ ಮೈಗೆ.

ನಿಮ್ಮ ಗೆಳೆಯ ಹೊಡೆಯಲಿಲ್ಲ, ಕೋರ್ಟಿಗೆ ಹೋಗುವ ಮಾತೂ ಇಲ್ಲ. ಆದರೆ ಅವನ ಸುಳ್ಳು ಆಟದೊಳಗಿನದ್ದಲ್ಲ. ಅಪರಿಚಿತ ಪೈಲಟ್ ಆಗಿ ಸೇರಿ ವರ್ಷವಿಡೀ ಗಣಿ ಅಗೆದು ಮೋಸ ಮಾಡಿದ್ದರೆ, ಚೆನ್ನಾಗಿ ಆಡಿದ ಎನ್ನುತ್ತಿದ್ದೆ. ತಂದೆಯ ಕಾಯಿಲೆ ಹೇಳಿ, ನಿಮ್ಮ ಕರುಳು ಹಿಂಡಿ ಪಡೆದದ್ದು ಮನುಷ್ಯ ಮನುಷ್ಯನಿಗೆ ಮಾಡಿದ ವಂಚನೆ. ಇದನ್ನು ಅವನ ಮುಖಕ್ಕೇ ಹೇಳಿ. ತಂದೆಗೆ ನಿಜವಾಗಿಯೂ ಹುಷಾರಿಲ್ಲವೇ ಎಂದು ಮೊದಲು ವಿಚಾರಿಸಿ; ಹುಷಾರಿಲ್ಲದಿದ್ದರೆ ಹಡಗಿನ ಸುದ್ದಿ ಸದ್ಯಕ್ಕೆ ಎತ್ತಬೇಡಿ.

ಸಿಸಿಪಿಗೆ ಬರೆಯಬೇಕಾದದ್ದು ಎರಡೇ ಸಂದರ್ಭದಲ್ಲಿ. ನಿಮ್ಮ ಪಾಸ್‌ವರ್ಡ್ ಬಳಸಿ ಒಳಗೆ ಬಂದಿದ್ದರೆ, ಅಥವಾ ದೋಚಿದ ಐಎಸ್‌ಕೆಯನ್ನು ರೂಪಾಯಿಗೆ ಮಾರುತ್ತಿದ್ದರೆ. ಎರಡೂ ನಿಷಿದ್ಧ. ಆಗ ಸ್ಕ್ರೀನ್‌ಶಾಟ್ ಮತ್ತು ವಾಲೆಟ್ ಜರ್ನಲ್‌ನ (ಹಣದ ವ್ಯವಹಾರದ ದಾಖಲೆ) ಸಾಲುಗಳನ್ನು ದೂರಿನ ಟಿಕೆಟ್ಟಿಗೆ ಲಗತ್ತಿಸಿ. ಇಷ್ಟು ಓದುವ ಹೊತ್ತಿಗೂ ಅವನ ರೋಲ್ ತೆಗೆದಿಲ್ಲವಾದರೆ ಮೊದಲು ಅದನ್ನು ತೆಗೆಯಿರಿ, ವಾಲೆಟ್ಟಿನಲ್ಲಿ ಇನ್ನೂ ಏನಾದರೂ ಉಳಿದಿರಬಹುದು.