ಎಲಿ ಹಳದಿ ಆದ ಬ್ಲೂಬೆರಿ: ಜಮಖಂಡಿ ಅಕ್ಕಾರ ಪ್ರಶ್ನೆಕ್ಕ

ಅಕ್ಕಾರ, ನಿಮ್ಮ ಬ್ಲೂಬೆರಿ ಗಿಡದ ಎಲಿ ಯಾಕ ಹಳದಿ ಆಗ್ಯಾವ ಅಂತ ಕೇಳಿದ್ರಿ, ಫೋಟೋ ದೊಡ್ಡದು ಮಾಡಿ ನೋಡಿದೆ. ಚಿಗುರೆಲಿ ಹಳದಿ, ನರ ಮಾತ್ರ ಹಸರ, ಕೆಳಗಿನ ಹಳೇ ಎಲಿ ಇನ್ನೂ ಚಲೋ ಅದಾವ. ಇದು ರೋಗ ಅಲ್ರಿ, ಗಿಡಕ್ಕ ಕಬ್ಬಿಣ ಸಿಗವಲ್ದು. ನಮ್ಮ ವಿಜಯಪುರ ಕಡೆ ದ್ರಾಕ್ಷಿ ಪಡದಾಗೂ ಸುಣ್ಣ ಜಾಸ್ತಿ ಇದ್ದಲ್ಲೆ ಹಿಂಗ ಆಗ್ತೈತಿ, ಆದ್ರ ದ್ರಾಕ್ಷಿ ತಡಕೋತೈತಿ, ಬ್ಲೂಬೆರಿ ತಡಕೊಳ್ಳಂಗಿಲ್ಲ.

ಎರಿ ಮಣ್ಣಾಗ ಹಚ್ಚಿ, ಬೋರಿನ ನೀರು ಬಿಟ್ಟು, ಮ್ಯಾಲೆ ಒಲಿ ಬೂದಿನೂ ಹಾಕೀನಿ ಅಂದ್ರಿ. ಮೂರೂ ಉಲ್ಟಾ ಆತು. ಈ ಗಿಡಕ್ಕ ಹುಳಿ ಮಣ್ಣು ಬೇಕು, ಇಲ್ಲಂದ್ರ ಮಣ್ಣಾಗ ಕಬ್ಬಿಣ ಇದ್ರೂ ಗಿಡ ಹೀರಕೊಳ್ಳಂಗಿಲ್ಲ. ಪಿಎಚ್ (ಹುಳಿ ಅಳಿಯೋ ಅಂಕಿ, ಕಡಿಮಿ ಇದ್ದಷ್ಟೂ ಹುಳಿ ಜಾಸ್ತಿ) 4.5 ರಿಂದ 5.5 ಇರಬೇಕು, ನಮ್ಮ ಎರಿ ಸಾಮಾನ್ಯವಾಗಿ 8 ರ ಆಸುಪಾಸು. ಮೂರೇ ಅಂಕಿ ಫರಕ್ ಅನಕೋಬ್ಯಾಡ್ರಿ, ಒಂದೊಂದು ಅಂಕಿಗೆ ಹುಳಿ ಹತ್ತು ಪಟ್ಟು ಬದಲಾಗತೈತಿ. ಒಂದು ಹಿಡಿ ಒಣ ಮಣ್ಣು ತಾಟಿನ್ಯಾಗ ಹಾಕಿ ವಿನೆಗರ್ ಹನಿಸಿ ಕಿವಿ ಹತ್ರ ಒಯ್ಯಿರಿ, ಚುರ್ ಅಂತ ನೊರಿ ಎದ್ದರ ಒಳಗ ಸುಣ್ಣ ಕುಂತೈತಿ ಅಂತ. ಅಂಥಾ ಮಣ್ಣಿಗೆ ಗಂಧಕ ಹಾಕಿ ಹುಳಿ ಮಾಡ್ತೀನಿ ಅಂತ ಹೋಗಬ್ಯಾಡ್ರಿ, ನಾ ಮಾಡಿ ನೋಡೀನಿ, ಪಡಕ್ಕಂತ ತಂದಿದ್ದ ಗಂಧಕ ಸುರುವಿ ಒಂದು ವರ್ಷ ಕಾದೆ, ಸುಣ್ಣ ಎಲ್ಲಾ ನುಂಗಿತು, ಗಿಡ ಹೋತು. ಖಾನಾಪುರ ಕಡೆ ಕೆಂಪು ಮಣ್ಣು, ಮಳಿನೂ ಜೋರು, ಅವರ ಮಾತು ಬ್ಯಾರೆ.

ನೀವು ಕುಂಡಕ್ಕ ಬರ್ರಿ. 18-20 ಇಂಚಿನ ಗ್ರೋ ಬ್ಯಾಗ್ ಸಾಕು. ಅರ್ಧ ಪೀಟ್ ಮಾಸ್ (ಕೊಳೆತ ಪಾಚಿಯ ಹುಳಿ ಪುಡಿ), ಉಳಿದದ್ದು ಎರಡು ಮೂರು ಸಲ ತೊಳದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತ ಪರ್ಲೈಟ್ (ಹಗೂರ ಬಿಳಿ ಕಲ್ಲಿನ ಹರಳು). ತಿಪ್ಪಿ ಗೊಬ್ಬರ, ಬೂದಿ, ಹೊಲದ ಮಣ್ಣು ಒಂದು ಮುಷ್ಟಿನೂ ಬ್ಯಾಡ. ಈಗಿನ ಗಿಡ ಕೀಳುವಾಗ ಬೇರಿಗೆ ಹತ್ತಿದ ಎರಿ ಮಣ್ಣು ಮೆಲ್ಲಕ ತೊಳೀರಿ, ಬೇರು ಕೂದಲದಂಗ ಇರ್ತಾವ, ಮ್ಯಾಲ್ಮ್ಯಾಲೇ ಹರಡಿರ್ತಾವ, ಅದಕ್ಕ ಆಮ್ಯಾಲೆ ಕುಂಡದಾಗ ಕುರ್ಪಿ ಆಡಸಬ್ಯಾಡ್ರಿ.

ಎಲ್ಲಾರೂ ಮಣ್ಣು ಸರಿ ಮಾಡಿ ನೀರಿನ್ಯಾಗ ಸೋಲ್ತಾರ. ಬೋರಿನ ನೀರು ಕಾಸೋ ಬಗೋಣಿ ತಳದಾಗ ಬಿಳಿ ಚಕ್ಕಿ ಕಟ್ಟತೈತಲ್ರಿ, ಅದೇ ಸುಣ್ಣ ದಿನಾ ಕುಂಡಕ್ಕೂ ಬೀಳ್ತೈತಿ, ಆರು ತಿಂಗಳದಾಗ ಮತ್ತ ಹಳದಿ. ಮಾಳಗಿ ಮ್ಯಾಲಿನ ಮಳಿ ನೀರು ಡ್ರಮ್ಮಿನ್ಯಾಗ ಹಿಡೀರಿ, ಎಸಿ ಇದ್ರ ಅದರ ನೀರೂ ನಡೀತೈತಿ. ಅದು ತೀರಿದ ಮ್ಯಾಲೆ ಬೋರಿನ ನೀರಿಗೆ ನಿಂಬಿ ಉಪ್ಪು (ಸಿಟ್ರಿಕ್ ಆ್ಯಸಿಡ್) ಚಿಟಿಕಿ ಚಿಟಿಕಿ ಹಾಕಿ ಕಲಸಿ, ಪಿಎಚ್ ಪಟ್ಟಿ ಅದ್ದಿ 5.5 ಕ್ಕ ಬರೋ ತನಕ ನೋಡ್ರಿ. ಆರ್‌ಓ ಮಷೀನಿನ ವೇಸ್ಟ್ ನೀರು ಮಾತ್ರ ಬ್ಯಾಡ, ಅದು ಬೋರಿಗಿಂತ ಕೆಟ್ಟ.

ಗೊಬ್ಬರ ಅಂದ್ರ ಅಮೋನಿಯಂ ಸಲ್ಫೇಟ್ ತಿಂಗಳಿಗೆ ಒಂದು ಸಣ್ಣ ಚಮಚ, ಕ್ಯಾಲ್ಸಿಯಂ ಇದ್ದದ್ದು ಯಾವುದೂ ಬ್ಯಾಡ. ಬ್ಯಾಸಿಗ್ಯಾಗ ಮಧ್ಯಾಹ್ನದ ನಂತರ ನೆರಳು ಬೇಕೇ ಬೇಕು.

ಇನ್ನೊಂದು, ಜಾತಿ ಯಾವುದು ಅಂತ ನರ್ಸರಿಯವರನ್ನ ಕೇಳ್ರಿ. ಕೆಲವು ಜಾತಿಗೆ ಚಳಿಗಾಲದಾಗ 7 ಡಿಗ್ರಿ ಒಳಗಿನ ಥಂಡಿ ಒಟ್ಟು 800 ತಾಸಿನ ಮ್ಯಾಲೆ ಬೇಕು, ನಮ್ಮಲ್ಲಿ ಅದು ಕನಸು. ಕಡಿಮಿ ಥಂಡಿ ಸಾಕಾಗೋ ಬಿಲಾಕ್ಸಿ, ಮಿಸ್ಟಿ ಜಾತಿ ಇದ್ರ ಆಸೆ ಐತಿ, ಎರಡೂ ಹಚ್ಚಿದ್ರ ಕಾಯಿ ಚಲೋ ಕಚ್ಚತಾವ. ಮೊದಲ ವರ್ಷದ ಹೂವು ಚಿವುಟಿ ಹಾಕ್ರಿ, ಮನಸ್ಸು ಬರಂಗಿಲ್ಲ, ಆದ್ರೂ.

ಕುಂಡ ಬದಲಿಸಿದ ಮ್ಯಾಲೆ ಹಳದಿ ಎಲಿ ನೋಡಕೋತ ಕುಂದರಬ್ಯಾಡ್ರಿ, ಅವು ಪೂರಾ ಹಸರ ಆಗೋದು ಕಷ್ಟ. ಹೊಸಾ ಚಿಗುರು ಯಾವ ಬಣ್ಣ ಬಂತು ಅದರ ಫೋಟೋ ಹಾಕ್ರಿ.